ಮಗಳಿಗೆ ಗಣಿತ, ಮಗನಿಗೆ ಕನ್ನಡ: ಮನೆಯಲ್ಲಿ ಏನು ಮಾಡಬಹುದು

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ನಮ್ಮ ವಿಜಯಪುರದಲ್ಲಿ ಎಲ್ಲಿ ನಿಂತರೂ ಎರಡು ಮಾತು ಕಿವಿಗೆ ಬೀಳುತ್ತವೆ. "ಹುಡುಗಿ ಅದಾಳ್ರಿ, ಗಣಿತ ಅಷ್ಟಕ್ಕಷ್ಟ, ಆರ್ಟ್ಸಿಗೆ ಹಾಕ್ತೀವಿ" ಅನ್ನುವುದು ಒಂದು. "ಹುಡುಗರಿಗೆ ಓದೂದು ಬರಿಯೂದು ಅಂದ್ರ ಬ್ಯಾಸರ್ರಿ, ಕನ್ನಡ ಹೆಂಗರ ಪಾಸಾದ್ರ ಸಾಕು" ಅನ್ನುವುದು ಇನ್ನೊಂದು. ಹೇಳುವವರಿಗೆ ಮಕ್ಕಳ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಆದರೆ ಈ ಎರಡು ಮಾತಿನಿಂದ ಎಷ್ಟು ಮಕ್ಕಳ ದಾರಿ ತಪ್ಪುತ್ತದೆ ಅನ್ನುವುದನ್ನು ಗಣಿತ ಕಲಿಸುವ ನಾನು ಪ್ರತಿ ವರ್ಷ ನೋಡುತ್ತೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳು ಮನೆಯಲ್ಲಿದ್ದರೆ ಇದು ನಿಮಗೇ.

ಮೊದಲು ಈ ಅಂತರ ಎಷ್ಟು ಅಂತ ತಿಳಿದುಕೊಳ್ಳಿ

ಹುಡುಗಿಯರು ಭಾಷೆಯಲ್ಲಿ ಮುಂದೆ, ಹುಡುಗರು ಗಣಿತದಲ್ಲಿ ಮುಂದೆ ಅನ್ನುವುದು ಪೂರ್ತಿ ಸುಳ್ಳೇನಲ್ಲ. ಎಷ್ಟು ಮುಂದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಅಮೆರಿಕದ ಜ್ಯಾನೆಟ್ ಹೈಡ್ ಮತ್ತು ಮಾರ್ಸಿಯಾ ಲಿನ್ ಎಂಬ ಸಂಶೋಧಕಿಯರು 1988ರಲ್ಲಿ ಭಾಷಾ ಸಾಮರ್ಥ್ಯದ ಬಗ್ಗೆ ನಡೆದಿದ್ದ 165 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರು. ಹುಡುಗಿಯರೇ ಮುಂದಿದ್ದರು. ಆದರೆ ಆ ಅಂತರ ಎಷ್ಟು ಸಣ್ಣದು ಅಂದರೆ, ಕಣ್ಣು ಮುಚ್ಚಿ ಒಬ್ಬ ಹುಡುಗಿ ಒಬ್ಬ ಹುಡುಗನನ್ನು ಆರಿಸಿ ಜೋಡಿ ಮಾಡುತ್ತಾ ಹೋದರೆ 100 ಜೋಡಿಗಳಲ್ಲಿ ಸುಮಾರು 53ರಲ್ಲಿ ಹುಡುಗಿ ಮುಂದಿರುತ್ತಾಳೆ, 47ರಲ್ಲಿ ಹುಡುಗ. ಇದನ್ನು ಎತ್ತರದ ಜೊತೆ ಇಟ್ಟು ನೋಡಿ. ಗಂಡಸು ಹೆಂಗಸರನ್ನು ಹೀಗೇ ಜೋಡಿ ಮಾಡಿದರೆ 100ರಲ್ಲಿ 90ಕ್ಕೂ ಜಾಸ್ತಿ ಜೋಡಿಗಳಲ್ಲಿ ಗಂಡಸೇ ಎತ್ತರ ಇರುತ್ತಾನೆ. ಅದಕ್ಕೆ ಅಂತರ ಅನ್ನಬಹುದು. 53ಕ್ಕೆ 47 ಇಟ್ಟುಕೊಂಡು ನಿಮ್ಮ ಮನೆಯ ಹುಡುಗನ ಬಗ್ಗೆ ಏನೂ ಹೇಳೋಕೆ ಆಗಲ್ಲ.

ಗಣಿತದ ಕಥೆ ಇನ್ನೂ ಸಣ್ಣದು. ಹೈಡ್ ಅವರ ತಂಡ 1990ರಲ್ಲಿ 100 ಅಧ್ಯಯನಗಳನ್ನು, ಅಂದರೆ 30 ಲಕ್ಷಕ್ಕೂ ಹೆಚ್ಚು ಜನರ ಅಂಕಗಳನ್ನು ನೋಡಿತು. ಸಾಮಾನ್ಯ ಜನರಲ್ಲಿ ಅಂತರ ಹೆಚ್ಚೂ ಕಡಿಮೆ ಸೊನ್ನೆ. ಅದೂ ಕೂದಲೆಳೆಯಷ್ಟು ಹುಡುಗಿಯರ ಕಡೆಗೇ ವಾಲಿತ್ತು. ಹುಡುಗರು ಸ್ವಲ್ಪ ಮುಂದೆ ಹೋಗುತ್ತಿದ್ದದ್ದು ಹೈಸ್ಕೂಲು, ಕಾಲೇಜಿನಲ್ಲಿ, ಅದೂ ಕಷ್ಟದ ಸಮಸ್ಯೆ ಬಿಡಿಸುವುದರಲ್ಲಿ ಮಾತ್ರ. ಮತ್ತೆ 2008ರಲ್ಲಿ ಅಮೆರಿಕದ 10 ರಾಜ್ಯಗಳ 70 ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳ ಪರೀಕ್ಷೆ ನೋಡಿದಾಗ ಎರಡನೇ ಕ್ಲಾಸಿನಿಂದ ಹನ್ನೊಂದನೇ ಕ್ಲಾಸಿನವರೆಗೆ ಹೇಳಿಕೊಳ್ಳುವ ಅಂತರವೇ ಸಿಗಲಿಲ್ಲ.

ಅಮೆರಿಕದ್ದು ಬಿಡಿ ಅನ್ನುವಿರಾ? 15 ವರ್ಷದ ಮಕ್ಕಳಿಗೆ ಹಲವು ದೇಶಗಳಲ್ಲಿ ಒಂದೇ ತರಹದ ಪರೀಕ್ಷೆ ನಡೆಸುವ ಪೀಸಾ 2022ರಲ್ಲಿ 81 ದೇಶ-ಪ್ರದೇಶಗಳನ್ನು ನೋಡಿತ್ತು. ಓದುವುದರಲ್ಲಿ 79 ಕಡೆ ಹುಡುಗಿಯರು ಮುಂದೆ. ಗಣಿತದಲ್ಲಿ 40 ಕಡೆ ಹುಡುಗರು ಮುಂದೆ, 17 ಕಡೆ ಹುಡುಗಿಯರು ಮುಂದೆ, 24 ಕಡೆ ಅಂತರವೇ ಇಲ್ಲ. ಗಣಿತ ಹುಟ್ಟಿನಿಂದಲೇ ಗಂಡಿನದು ಆಗಿದ್ದರೆ ಆ 17 ಕಡೆಯ ಹುಡುಗಿಯರು ಎಲ್ಲಿಂದ ಬಂದರು? ಇನ್ನು ಹುಡುಗರು ಓದುವುದರಲ್ಲಿ ಹಿಂದೆ ಬೀಳುವುದು ಮಾತ್ರ ಹೆಚ್ಚೂ ಕಡಿಮೆ ಎಲ್ಲ ಕಡೆ ಕಾಣುತ್ತದೆ. ಅದರ ಬಗ್ಗೆ ಯಾರಿಗೂ ಚಿಂತೆ ಇಲ್ಲ. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ.

ನಮ್ಮ ರಾಜ್ಯದ 2024ರ ಎಸ್ಸೆಸ್ಸೆಲ್ಸಿ ನೆನಪಿಸಿಕೊಳ್ಳಿ. ಪಾಸಾದ ಹುಡುಗಿಯರು ಶೇ. 81.11, ಹುಡುಗರು ಶೇ. 65.90. ಆ ವರ್ಷ 625ಕ್ಕೆ 625 ತೆಗೆದವಳು ಪಕ್ಕದ ಬಾಗಲಕೋಟೆ ಜಿಲ್ಲೆಯ ಹುಡುಗಿ, ಸರ್ಕಾರಿ ವಸತಿ ಶಾಲೆಯಲ್ಲಿ ಓದಿದವಳು. ಆ 625ರಲ್ಲಿ ಗಣಿತದ 100ಕ್ಕೆ 100 ಕೂಡ ಸೇರಿದೆ ಅಲ್ವಾ.

ಒಂದು ಮಾತು ಮುಚ್ಚಿಡಬಾರದು. ತುತ್ತತುದಿಯ ಅಂಕಗಳಿಗೆ ಹೋದರೆ ಹುಡುಗರ ಸಂಖ್ಯೆ ಜಾಸ್ತಿ. 1980ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಕಾಲೇಜು ಪ್ರವೇಶದ ಗಣಿತ ಪರೀಕ್ಷೆಯನ್ನು 13 ತುಂಬದ ಮಕ್ಕಳಿಗೆ ಕೊಟ್ಟಾಗ, 800ಕ್ಕೆ 700 ದಾಟಿದವರಲ್ಲಿ ಒಬ್ಬ ಹುಡುಗಿಗೆ 13 ಹುಡುಗರಿದ್ದರು. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಅದು ಒಬ್ಬಳಿಗೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಇಷ್ಟು ಬೇಗ ಮನುಷ್ಯರ ಮೆದುಳು ಬದಲಾಗುವುದಿಲ್ಲ. ಬದಲಾದದ್ದು ಹುಡುಗಿಯರಿಗೆ ಸಿಕ್ಕ ಪಾಠ ಮತ್ತು ಅವಕಾಶ.

ಅಂಕ ಬಿಟ್ಟು ಉತ್ತರಪತ್ರಿಕೆ ನೋಡಿ

ಮುಂದಿನ ಟೆಸ್ಟಿನ ಪೇಪರ್ ಮನೆಗೆ ಬಂದಾಗ ಮಗುವಿನ ಪಕ್ಕ ಕೂತುಕೊಳ್ಳಿ. ಬೈಯೋಕೆ ಅಲ್ಲ. ಮೂರು ಬಣ್ಣದ ಪೆನ್ನು ಇಟ್ಟುಕೊಳ್ಳಿ. ಗೊತ್ತೇ ಇಲ್ಲದೆ ಹೋದ ಅಂಕಕ್ಕೆ ಒಂದು ಬಣ್ಣ. ಗೊತ್ತಿದ್ದು ಅವಸರದಲ್ಲಿ ತಪ್ಪಿದ್ದಕ್ಕೆ ಇನ್ನೊಂದು. ಗೊತ್ತಿದ್ದೂ ಕೈ ಹಾಕದೆ ಖಾಲಿ ಬಿಟ್ಟಿದ್ದಕ್ಕೆ ಮೂರನೆಯದು. ಕೊನೆಯದನ್ನು ಕಂಡುಹಿಡಿಯುವುದು ಹೇಗೆ ಅಂದರೆ, ಖಾಲಿ ಬಿಟ್ಟ ಪ್ರಶ್ನೆಯನ್ನು ಅಲ್ಲೇ ಮತ್ತೆ ಕೊಡಿ, ಗಡಿಯಾರ ನೋಡಬೇಡಿ. ಎಷ್ಟೋ ಹುಡುಗಿಯರು ವರ್ಗಸಮೀಕರಣವನ್ನು ಒಂದು ಮೆಟ್ಟಿಲೂ ತಪ್ಪದೆ ಬರೆದಿರುತ್ತಾರೆ, ಪಕ್ಕದ ಪುಟದಲ್ಲಿ ಗೋಪುರದ ಎತ್ತರ ಕೇಳುವ ತ್ರಿಕೋನಮಿತಿ ಲೆಕ್ಕ ಪೂರ್ತಿ ಖಾಲಿ. ಮನೆಯಲ್ಲಿ ಕೂರಿಸಿ "ಚಿತ್ರ ಒಂದು ಬರಿ, ಸಾಕು" ಅಂದರೆ ಚಿತ್ರ ಬರೆಯುತ್ತಾರೆ, ಚಿತ್ರ ಬಂತು ಅಂದರೆ ಉತ್ತರವೂ ಬರುತ್ತದೆ. ಅವರಿಗೆ ಇಲ್ಲದಿದ್ದದ್ದು ತಪ್ಪು ಚಿತ್ರ ಬರೆಯುವ ಧೈರ್ಯ. ಹಾಗಾಗಿ ಮನೆಯಲ್ಲಿ ಒಂದು ನಿಯಮ ಮಾಡಿ: ಖಾಲಿ ಬಿಡುವಂತಿಲ್ಲ, ತಪ್ಪು ಬರೆದರೆ ಯಾರೂ ಬೈಯುವಂತಿಲ್ಲ.

ಹುಡುಗನ ಗಣಿತದ ಪೇಪರ್ ನೋಡುವಾಗ ಬೇರೆ ಒಂದು ವಿಷಯ ಗಮನಿಸಿ. "ತಂದೆಯ ವಯಸ್ಸು ಮಗನ ವಯಸ್ಸಿನ ಮೂರರಷ್ಟಕ್ಕಿಂತ 5 ಕಡಿಮೆ" ಅಂತ ಪ್ರಶ್ನೆಯಲ್ಲಿರುತ್ತದೆ. ಮಗನ ವಯಸ್ಸನ್ನು ಮೂರರಿಂದ ಗುಣಿಸಿ ಆಮೇಲೆ 5 ಕಳೆಯಬೇಕು. ಹುಡುಗ ಮೊದಲೇ 5 ಕಳೆದು ಆಮೇಲೆ ಮೂರರಿಂದ ಗುಣಿಸಿರುತ್ತಾನೆ. ಮುಂದಿನ ಲೆಕ್ಕವೆಲ್ಲ ಸರಿ, ಉತ್ತರ ತಪ್ಪು. ಎಲ್ಲರೂ ಇದನ್ನು ಗಣಿತದ ತಪ್ಪು ಅಂದುಕೊಂಡು ಟ್ಯೂಷನ್ನಿಗೆ ದುಡ್ಡು ಸುರಿಯುತ್ತಾರೆ. ಅವನು ಎಡವಿದ್ದು ಕನ್ನಡ ವಾಕ್ಯದಲ್ಲಿ. ಈ ಎರಡು ವಿಷಯಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಟ್ಟವರು ನಾವು, ಪ್ರಶ್ನೆಪತ್ರಿಕೆಯಲ್ಲಿ ಅವು ಒಟ್ಟಿಗೇ ಬರುತ್ತವೆ.

ಹುಡುಗಿಯರಿಗೆ: ಅಂಗಳದಿಂದ ಶುರು ಮಾಡಿ, ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿ

ಗಣಿತ ಬರಲ್ಲ ಅನ್ನುವ ಮಗಳಿಗೆ ಹಬ್ಬದ ದಿನ 15 ಚುಕ್ಕಿಯ ರಂಗೋಲಿ ಹಾಕಲು ಹೇಳಿ. ನಡುವೆ 15, ಆಮೇಲೆ ಸಂದು ಚುಕ್ಕಿ ಇಡುತ್ತಾ ಮೇಲೆ 14, 13, 12, ಹೀಗೆ 8ಕ್ಕೆ ನಿಲ್ಲಿಸುತ್ತಾಳೆ. ಕೆಳಗೂ ಹಾಗೇ. ಮುಗಿದ ಮೇಲೆ ಒಟ್ಟು ಎಷ್ಟು ಚುಕ್ಕಿ ಅಂತ ಕೇಳಿ. ಬೆರಳಿಟ್ಟು ಎಣಿಸಲು ಬಿಡಬೇಡಿ. 8ರಿಂದ 14ರವರೆಗೆ 7 ಸಾಲು. ಮೊದಲ ಸಾಲಿನ 8, ಕೊನೆಯ ಸಾಲಿನ 14, ಕೂಡಿದರೆ 22. ಅದನ್ನು 7ರಿಂದ ಗುಣಿಸಿ ಅರ್ಧ ಮಾಡಿದರೆ 77. ಮೇಲೊಂದು ಕೆಳಗೊಂದು ಅಂದರೆ 154, ನಡುವಿನ 15 ಸೇರಿ 169. ಹತ್ತನೇ ಕ್ಲಾಸಿನ ಸಮಾಂತರ ಶ್ರೇಢಿ ಪಾಠ ಪೂರ್ತಿ ಇದರಲ್ಲೇ ಇದೆ! ಇನ್ನೊಮ್ಮೆ 7 ಚುಕ್ಕಿಯಿಂದ 4ಕ್ಕೆ ನಿಲ್ಲಿಸುವ ಸಣ್ಣ ರಂಗೋಲಿ ಕೊಟ್ಟು ಕೇಳಿ, 37 ಅಂತ ಅವಳೇ ಹೇಳುತ್ತಾಳೆ. ಅಜ್ಜಿ ಕಸೂತಿ ಹಾಕುತ್ತಿದ್ದರೆ ಅದನ್ನೂ ನೋಡಲು ಹೇಳಿ. ಬಟ್ಟೆಯ ಮೇಲೆ ಗೆರೆ ಎಳೆಯದೆ, ಬರೀ ಎಳೆ ಎಣಿಸಿ ಎರಡೂ ಬದಿಗೆ ಒಂದೇ ತರಹ ಕಾಣುವ ಹಾಗೆ ಗವಂತಿ ಹೊಲಿಗೆ ಹಾಕುವುದು ಸುಮ್ನೆ ಅಲ್ಲ.

ಆದರೆ ರಂಗೋಲಿಯೊಂದೇ ಸಾಲದು. ಗಂಡು ಹೆಣ್ಣಿನ ನಡುವೆ ನಿಜವಾಗಿ ದೊಡ್ಡ ಅಂತರ ಕಂಡಿರುವುದು ಒಂದು ಕಡೆ: ಒಂದು ಆಕಾರವನ್ನು ಮನಸ್ಸಿನಲ್ಲೇ ತಿರುಗಿಸಿ, ಆ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುವುದು. ಇದರಲ್ಲಿ ಗಂಡಸರು ಸರಾಸರಿಯಲ್ಲಿ ಚೆನ್ನಾಗಿಯೇ ಮುಂದಿದ್ದಾರೆ. ಮೇಲ್ಮೈ ವಿಸ್ತೀರ್ಣ, ಘನಫಲ, ಎಂಜಿನಿಯರಿಂಗ್ ಡ್ರಾಯಿಂಗ್ ಎಲ್ಲದಕ್ಕೂ ಇದು ಬೇಕು. ಒಳ್ಳೆಯ ಸುದ್ದಿ ಅಂದರೆ ಇದು ಅಭ್ಯಾಸದಿಂದ ಬರುತ್ತದೆ. 2013ರಲ್ಲಿ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಡೇವಿಡ್ ಯುಟಲ್ ಅವರ ತಂಡ, ತರಬೇತಿ ಕೊಟ್ಟರೆ ಗಂಡು ಹೆಣ್ಣು ಇಬ್ಬರಲ್ಲೂ ಇದು ಬೆಳೆಯುತ್ತದೆ, ಬೆಳೆದದ್ದು ಉಳಿಯುತ್ತದೆ ಅಂತ ತೋರಿಸಿತು.

ನಮ್ಮ ದೇಶದ್ದೇ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಈಶಾನ್ಯ ಭಾರತದಲ್ಲಿ ಖಾಸಿ ಮತ್ತು ಕಾರ್ಬಿ ಅಂತ ಎರಡು ಸಮುದಾಯಗಳಿವೆ, ಅಕ್ಕಪಕ್ಕವೇ ಬದುಕುತ್ತವೆ. ಖಾಸಿಗಳಲ್ಲಿ ಆಸ್ತಿ ಕಿರಿಯ ಮಗಳಿಗೆ ಹೋಗುತ್ತದೆ. ಕಾರ್ಬಿಗಳಲ್ಲಿ ಗಂಡುಮಕ್ಕಳಿಗೆ. 2011ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಸುಮಾರು 1,300 ಜನರಿಗೆ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಆಟ ಕೊಟ್ಟರು. ಕಾರ್ಬಿ ಹೆಂಗಸರಿಗೆ ಗಂಡಸರಿಗಿಂತ ಮೂರನೇ ಒಂದು ಪಾಲಿಗೂ ಜಾಸ್ತಿ ಹೊತ್ತು ಹಿಡಿಯಿತು. ಖಾಸಿಗಳಲ್ಲಿ ಅಂತರವೇ ಕಾಣಲಿಲ್ಲ. ಆಸ್ತಿ, ಓದು, ಓಡಾಟ ಯಾರ ಕೈಯಲ್ಲಿದೆ ಅನ್ನುವುದು ಆಟದ ತುಂಡು ಜೋಡಿಸುವ ಕೈಗೂ ತಟ್ಟುತ್ತದೆ.

ಹಾಗಾದರೆ ಏನು ಮಾಡಬೇಕು? ಮಗಳನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋಗಿ. ಸಾಮಾನ್ಯವಾಗಿ ಎಲ್ಲರೂ ಪಿಸುಗುಟ್ಟುವ ಗ್ಯಾಲರಿಗೆ ಹತ್ತಿ ಕೂಗಿ ಇಳಿದು ಬರುತ್ತಾರೆ. ನೀವು ಮೊದಲು ನೆಲದ ನಡುವೆ ನಿಂತು ಮೇಲೆ ನೋಡಿ. ನಾಲ್ಕು ಗೋಡೆಯ ಚೌಕದ ಮೇಲೆ ದುಂಡು ಗುಮ್ಮಟ ಹೇಗೆ ಕೂತಿತು ಅಂತ ಕೇಳಿ. ನಡುವೆ ಒಂದು ಕಂಬವೂ ಇಲ್ಲ. ಕಮಾನುಗಳನ್ನು ದಿಟ್ಟಿಸಿ ನೋಡಿದರೆ ಒಂದರೊಳಗೊಂದು ತಿರುಗಿಸಿಟ್ಟ ಎರಡು ಚೌಕಗಳು ಕಾಣುತ್ತವೆ, ಅವು ಸೇರಿ ನಡುವೆ ಎಂಟು ಮೂಲೆ ಆಗುತ್ತದೆ, ಅದರ ಮೇಲೆ ವೃತ್ತ. ಮನೆಗೆ ಬಂದ ಮೇಲೆ ಒಂದೇ ಅಳತೆಯ ಎರಡು ಕಾಗದದ ಚೌಕ ಕತ್ತರಿಸಿ, ಒಂದನ್ನು 45 ಡಿಗ್ರಿ ತಿರುಗಿಸಿ ಇನ್ನೊಂದರ ಮೇಲೆ ಇಡಲು ಹೇಳಿ. ಆಮೇಲೆ ಕಾಗದ ನೋಡದೆ ಮೇಲಿನಿಂದ ಕಂಡ ಹಾಗೆ ಚಿತ್ರ ಬರೆಯಬೇಕು. ಇನ್ನೂ ಒಂದು ಲೆಕ್ಕ: ಒಳಗಿನ ನೆಲ ಒಂದು ಬದಿಗೆ ಸುಮಾರು 135 ಅಡಿ. ನಮ್ಮ ಲೇಔಟಿನ 30 ಅಡಿಗೆ 40 ಅಡಿಯ ಸೈಟುಗಳು ಅದರಲ್ಲಿ ಎಷ್ಟು ಹಿಡಿಯುತ್ತವೆ? ವಿಸ್ತೀರ್ಣದ ಲೆಕ್ಕದಲ್ಲಿ ಹದಿನೈದು. ಈ ಉತ್ತರ ಬಂದಾಗ ಅವಳ ಮುಖ ನೋಡಬೇಕು ನೀವು.

ಉಳಿದದ್ದು ದಿನದ ಓಡಾಟ. ಮಗನನ್ನು ಸೈಕಲ್ ಕೊಟ್ಟು ಸಂತೆಗೆ, ಹೊಲಕ್ಕೆ, ಗ್ಯಾರೇಜಿಗೆ ಕಳಿಸುತ್ತೇವೆ. ದಾರಿ, ದೂರ, ದರ ಎಲ್ಲ ಅವನಿಗೆ ಹಾಗೇ ಗೊತ್ತಾಗುತ್ತದೆ. ಮಗಳನ್ನೂ ಕಳಿಸಿ. ದ್ರಾಕ್ಷಿ ತೋಟ ಇರುವ ಮನೆಯಾದರೆ ಈ ಸಲದ ಲೆಕ್ಕದ ವಹಿ ಅವಳ ಕೈಗೆ ಕೊಡಿ. ಸುಮಾರು 4 ಕಿಲೋ ಹಸಿ ದ್ರಾಕ್ಷಿಗೆ 1 ಕಿಲೋ ಒಣದ್ರಾಕ್ಷಿ. ಹಾಗಿದ್ದರೆ ಹಸಿಯಾಗಿ ಮಾರುವುದು ಲಾಭವೋ, ಒಣಗಿಸಿ ಮಾರುವುದೋ, ಒಣಗಿಸುವ ಖರ್ಚು ಎಷ್ಟು ಬಂದರೆ ಎರಡೂ ಸರಿಸಮ? ಇಂದಿನ ದರ ಹಾಕಿ ಅವಳೇ ಹೇಳಲಿ. ಹೇಳಿದ್ದನ್ನು ಅಪ್ಪ ಕಿವಿಗೊಟ್ಟು ಕೇಳಲಿ.

ಅಂದ ಹಾಗೆ, ಹಳೆಯ ಕಾಲದ ಗಣಿತಜ್ಞ ಭಾಸ್ಕರಾಚಾರ್ಯ ತನ್ನ ಊರು ವಿಜ್ಜಡವಿಡ ಅಂತ ಬರೆದುಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಅನ್ನುವವರಿದ್ದಾರೆ, ಮಹಾರಾಷ್ಟ್ರದ ಊರು ಅನ್ನುವವರೂ ಇದ್ದಾರೆ. ಆ ಜಗಳ ಇರಲಿ. 1150ರಲ್ಲಿ ಬರೆದ ಲೀಲಾವತಿ ಅನ್ನುವ ಗಣಿತದ ಪುಸ್ತಕದಲ್ಲಿ ಆತ ಎಷ್ಟೋ ಲೆಕ್ಕಗಳನ್ನು ಕೇಳುವುದು ಒಬ್ಬ ಹುಡುಗಿಯನ್ನು ಕರೆದು.

ಹುಡುಗರಿಗೆ: ಓದು ಬಾಯಿಂದ ಶುರುವಾಗಲಿ

ನಮ್ಮ ಕಡೆಯ ಗಂಡಸರಿಗೆ ಭಾಷೆ ಬರಲ್ಲ ಅನ್ನುವವರು ಒಂದು ಸಲ ಜಾತ್ರೆಗೆ ಬರಬೇಕು. ಡೊಳ್ಳಿನ ಪದದವರು ರಾತ್ರಿ ಪೂರ್ತಿ ನಿಂತಲ್ಲೇ ಪದ ಕಟ್ಟಿ ಸವಾಲು ಹಾಕುತ್ತಾರೆ. ಹರದೇಶಿ ನಾಗೇಶಿ ಹಾಡುಗಾರಿಕೆಯಲ್ಲಂತೂ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅನ್ನುವುದೇ ವಾದ, ಬೆಳಗಾದರೂ ಯಾರೂ ಸೋಲುವುದಿಲ್ಲ. ಇಂಥ ಊರಿನ ಹುಡುಗ ಕನ್ನಡ ಪೇಪರಿನ ಪ್ರಬಂಧಕ್ಕೆ ನಾಲ್ಕು ಸಾಲು ಬರೆದು ಎದ್ದು ಬರುತ್ತಾನೆ ಅಂದರೆ ಅವನಿಗೆ ಭಾಷೆ ಇಲ್ಲ ಅಂತಲ್ಲ. ಬಾಯಲ್ಲಿರುವುದು ಕಾಗದಕ್ಕೆ ಇಳಿಯುತ್ತಿಲ್ಲ.

ಇಳಿಸುವುದಕ್ಕೆ ನಾನು ಹೇಳುವ ದಾರಿ ಇದು. ರಾತ್ರಿ ಊಟ ಆದ ಮೇಲೆ ಕಾಲು ಗಂಟೆ ಅವನು ಗಟ್ಟಿಯಾಗಿ ಓದಬೇಕು, ಮನೆಯವರು ಕೇಳಬೇಕು. ಏನು ಓದಬೇಕು ಅನ್ನುವುದು ಅವನ ಇಷ್ಟ. ಕ್ರಿಕೆಟ್ ಸುದ್ದಿ, ಕುಸ್ತಿ ಸುದ್ದಿ, ಟ್ರ್ಯಾಕ್ಟರ್ ಜಾಹೀರಾತು, ಏನಾದರೂ ಸರಿ. ಓದಿದ ಮೇಲೆ ಪುಸ್ತಕ ಮುಚ್ಚಿ, ಏನಾಯಿತು ಅಂತ ತನ್ನ ಮಾತಲ್ಲೇ, ವಿಜಯಪುರದ ಮಾತಲ್ಲೇ ಹೇಳಲಿ. "ಪುಸ್ತಕದ ಕನ್ನಡದಾಗ ಹೇಳು" ಅಂತ ಅಲ್ಲಿ ತಡೆಯಬೇಡಿ. ಹೇಳಿದ್ದನ್ನು ಐದು ವಾಕ್ಯದಲ್ಲಿ ಬರೆಯಲಿ. ಒತ್ತಕ್ಷರ, ಅಲ್ಪಪ್ರಾಣ ಮಹಾಪ್ರಾಣ ತಿದ್ದುವುದು ಮರುದಿನ, ಅದೂ ಒಂದು ಸಲಕ್ಕೆ ಎರಡೇ ತಪ್ಪು. ಇಡೀ ಪುಟಕ್ಕೆ ಕೆಂಪು ಬಳಿದರೆ ಮಾರನೆಯ ದಿನ ಅವನು ಎರಡೇ ವಾಕ್ಯ ಬರೆಯುತ್ತಾನೆ. ಐದು ವಾಕ್ಯ ಸಲೀಸಾದ ಮೇಲೆ ಹತ್ತಕ್ಕೆ ಹೋಗಿ.

ಇದರ ಜೊತೆಗೆ ಅಪ್ಪ ಕೂಡ ಏನಾದರೂ ಓದುವುದು ಮಗನ ಕಣ್ಣಿಗೆ ಬೀಳಬೇಕು. ಮನೆಯಲ್ಲಿ ಓದುವವರು ಬರೀ ಅಕ್ಕ, ಅಮ್ಮ ಅಂತಾದರೆ ಓದುವುದು ಹೆಣ್ಣುಮಕ್ಕಳ ಕೆಲಸ ಅಂತ ಹುಡುಗ ತೀರ್ಮಾನ ಮಾಡಿಬಿಡುತ್ತಾನೆ. ಗಣಿತಕ್ಕೂ ಅದೇ ಮಾತು: ಲೆಕ್ಕದ ಪುಸ್ತಕ ಹಿಡಿದು ಕೂರಬೇಕಾದವಳು ಅಮ್ಮ.

ಮನೆಯ ಮಾತು

ಸಿಯಾನ್ ಬೈಲಾಕ್ ಎಂಬ ಸಂಶೋಧಕಿ ಮತ್ತು ಸಂಗಡಿಗರು 2010ರಲ್ಲಿ ಅಮೆರಿಕದ ಒಂದನೇ ಎರಡನೇ ಕ್ಲಾಸಿನ ಶಿಕ್ಷಕಿಯರನ್ನು ನೋಡಿದರು. ಗಣಿತ ಅಂದರೆ ಭಯ ಪಡುವ ಶಿಕ್ಷಕಿಯ ಕ್ಲಾಸಿನಲ್ಲಿ ವರ್ಷದ ಶುರುವಿಗೆ ಮಕ್ಕಳ ಗಣಿತ ಉಳಿದ ಕ್ಲಾಸುಗಳಿಗಿಂತ ಬೇರೆ ಏನೂ ಇರಲಿಲ್ಲ. ವರ್ಷದ ಕೊನೆಗೆ ಅಲ್ಲಿನ ಎಷ್ಟೋ ಹುಡುಗಿಯರು ಗಣಿತ ಹುಡುಗರದು, ಓದು ಹುಡುಗಿಯರದು ಅಂತ ನಂಬಿದ್ದರು, ನಂಬಿದವರ ಗಣಿತವೇ ಕೆಳಗಿಳಿದಿತ್ತು. ಹುಡುಗರಿಗೆ ಹಾಗೆ ತಟ್ಟಲಿಲ್ಲ. ಆದ್ದರಿಂದ ತಾಯಂದಿರಲ್ಲಿ ನನ್ನದು ಕಳಕಳಿಯ ವಿನಂತಿ, "ನಂಗೂ ಗಣಿತ ಬರ್ತಿರಲಿಲ್ಲವ್ವ, ನಿಂಗೆಲ್ಲಿಂದ ಬರಬೇಕು" ಅನ್ನಬೇಡಿ. ಸಮಾಧಾನಕ್ಕೆ ಹೇಳಿದ್ದೇ ಇರಬಹುದು, ಆದರೆ ಅವಳು ಅದನ್ನು ನಂಬುತ್ತಾಳೆ.

ಪಿಯುಸಿ ಫಾರ್ಮ್ ತುಂಬುವ ಮೊದಲು

ಹೆಣ್ಣುಮಕ್ಕಳ ವಿಷಯದಲ್ಲಿ ಪದೇಪದೇ ಆಗುವುದು ಇದು. ಮಗಳಿಗೆ ಕನ್ನಡದಲ್ಲಿ 118, ಗಣಿತದಲ್ಲಿ 86 ಅಂತಿಟ್ಟುಕೊಳ್ಳಿ. 32 ಅಂಕ ವ್ಯತ್ಯಾಸ ನೋಡಿ "ನಂದು ಭಾಷೆ" ಅಂತಾಳೆ. ಪ್ರಥಮ ಭಾಷೆ 125ಕ್ಕೆ, ಗಣಿತ 100ಕ್ಕೆ. ನೂರಕ್ಕೆ ಇಳಿಸಿದರೆ 94 ಮತ್ತು 86, ಅಂತರ 8. ಇನ್ನು ಕ್ಲಾಸಿನಲ್ಲಿ ಗಣಿತಕ್ಕೆ 86 ದಾಟಿದವರು ಎಷ್ಟು ಜನ ಅಂತ ಕೇಳಿ. ಬಹಳ ಸಲ ಅವಳು ಕನ್ನಡದಲ್ಲಿ ಹತ್ತನೆಯವಳು, ಗಣಿತದಲ್ಲಿ ಮೂರನೆಯವಳು! ಅವಳು ತನ್ನ ಗಣಿತವನ್ನು ತನ್ನ ಕನ್ನಡದ ಜೊತೆ ಹೋಲಿಸಿ ಸೋತೆ ಅಂದುಕೊಂಡಿರುತ್ತಾಳೆ. ಪಕ್ಕದ ಹುಡುಗನಿಗೆ ಗಣಿತ 70, ಕನ್ನಡ 60, ಅವನು "ನಂದು ಗಣಿತ" ಅಂತ ಸೈನ್ಸಿಗೆ ಹೋಗುತ್ತಾನೆ. ಅಮೆರಿಕದಲ್ಲಿ ಸುಮಾರು 1,500 ವಿದ್ಯಾರ್ಥಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಗಣಿತ ಭಾಷೆ ಎರಡರಲ್ಲೂ ಗಟ್ಟಿ ಇದ್ದವರು ವಿಜ್ಞಾನದ ಕೆಲಸ ಹಿಡಿಯುವುದು ಕಡಿಮೆ, ಬರೀ ಗಣಿತದಲ್ಲಿ ಗಟ್ಟಿ ಇದ್ದವರು ಜಾಸ್ತಿ. ಎರಡರಲ್ಲೂ ಗಟ್ಟಿ ಇದ್ದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು.

ಆದ್ದರಿಂದ ಫಾರ್ಮ್ ತುಂಬುವ ಮೊದಲು ಎರಡೂ ವಿಷಯವನ್ನು ನೂರಕ್ಕೆ ಇಳಿಸಿ, ಎರಡರಲ್ಲೂ ಕ್ಲಾಸಿನಲ್ಲಿ ಎಷ್ಟನೆಯವಳು ಅಂತ ಶಾಲೆಯಲ್ಲಿ ಕೇಳಿ, ಎರಡನ್ನೂ ಒಂದು ಕಾಗದದಲ್ಲಿ ಬರೆದು ಅವಳ ಮುಂದೆ ಇಡಿ. ನೋಡಿದ ಮೇಲೂ ಸಾಹಿತ್ಯವೇ ಬೇಕು ಅಂದರೆ ಖುಷಿಯಿಂದ ಕಳಿಸಿ, ಅದು ಅವಳ ಆಯ್ಕೆ. ಮಗ ಕನ್ನಡ ಮೇಜರ್ ತಗೊಂಡು ಮುಂದೆ ಓದುತ್ತೇನೆ ಅಂದರೂ ಇದೇ ಮರ್ಯಾದೆ ಕೊಡಿ, ನಗಬೇಡಿ.

ಈಗಾಗಲೇ ಒಂದು ವಿಷಯದಲ್ಲಿ ಬಿದ್ದಿದ್ದರೆ, ಅದು ಮಗಳ ಗಣಿತವೇ ಇರಲಿ ಮಗನ ಕನ್ನಡವೇ ಇರಲಿ, 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ. ಪರೀಕ್ಷೆ 2ಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕವನ್ನು ಶಾಲೆಯ ಆಫೀಸಿನಲ್ಲಿ ಕೇಳಿ, ಹಳೆಯ ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು ಮೊದಲು ಹೇಳಿದ ಮೂರು ಬಣ್ಣದ ಪೆನ್ನು ಹಿಡಿದು ಕೂರಿ. ಗಣಿತದಲ್ಲಿ ಬರೆಯುವ ಪರೀಕ್ಷೆ 80 ಅಂಕಕ್ಕೆ, ಕನ್ನಡದಲ್ಲಿ 100ಕ್ಕೆ. ಖಾಲಿ ಬಿಟ್ಟ ಪ್ರಶ್ನೆಗಳಿಂದಲೇ ಶುರು ಮಾಡಿ, ಬೇಗ ಸಿಗುವ ಅಂಕ ಅಲ್ಲಿವೆ.